ಪದರಕ್ಕೆ ಅಡ್ಡಲಾಗಿ ಅಳೆದದ್ದು

ನನ್ನ ಅಂಗಡಿಗೆ ಬಂದವರು ಕುರ್ಚಿಯಲ್ಲಿ ಕೂಡುವ ಮೊದಲು ಅದನ್ನು ಕೈಯಿಂದ ಒತ್ತಿ ನೋಡುತ್ತಾರೆ. ಚಹಾ ಕೊಟ್ಟರೆ ಮೂಸಿ ನೋಡಿ ಕುಡಿಯುತ್ತಾರೆ. ಸಿಂಧನೂರಿನಲ್ಲಿ ನಲವತ್ತು ವರ್ಷ ಪಂಪಿನ ಮೋಟಾರುಗಳಿಗೆ ತಂತಿ ಸುತ್ತಿ ನಾನು ಎರಡು ಹೆಸರು ಗಳಿಸಿದ್ದೇನೆ. ಇವನಂಥ ಕೈ ಈ ಭಾಗದಲ್ಲಿ ಇನ್ನೊಂದಿಲ್ಲ ಎನ್ನುವುದು ಒಂದು. ಇವನನ್ನು ನಂಬಬಾರದು ಎನ್ನುವುದು ಇನ್ನೊಂದು. ಎರಡೂ ನಿಜ. ಜವಳಗೇರಾದ ಸಾವ್ಕಾರನೊಬ್ಬ ಬಹಳ ಜೋರು ಮಾಡಿದನೆಂದು ಅವನ ಭತ್ತ ತೂರುವ ಫ್ಯಾನಿನ ಮೋಟಾರಿಗೆ ಎರಡು ತಂತಿ ಅದಲು ಬದಲು ಮಾಡಿ ಕೊಟ್ಟಿದ್ದೆ. ಫ್ಯಾನು ಉಲ್ಟಾ ತಿರುಗಿ ಹೊಟ್ಟೆಲ್ಲ ಹಿಂದೆ ನಿಂತಿದ್ದ ಅವನ ಬಿಳಿ ಅಂಗಿಯ ಮೇಲೆಯೇ ಬಂತು. ಮೋಟಾರಿನಲ್ಲಿ ಮಾತ್ರ ಒಂದು ತಪ್ಪು ಹುಡುಕಲು ಅವನಿಗೆ ಆಗಲಿಲ್ಲ. ಅದು ನನ್ನ ಕೈ.

ಹಿಂದಿನ ಬೇಸಿಗೆಯ ಒಂದು ಭಾನುವಾರ ನನ್ನ ಅಕ್ಕನ ಮಗಳು ಅಂಗಡಿಗೆ ಬಂದಳು. ಅವಳ ಮನೆ ಮಸ್ಕಿಯಲ್ಲಿ. ಲಿಂಗಸುಗೂರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ, ಅದರ ಜೊತೆಗೇ ಡಾಕ್ಟರೇಟಿಗೆಂದು ಏನೋ ಅಳೆಯುತ್ತಾಳೆ. ಕುರ್ಚಿ ಒತ್ತಿ ನೋಡದೆ, ನಿಂತೇ ಮಾತಾಡಿದಳು.

"ಮಾಮಾ, ನಿನ್ನ ಕೈ ಬೇಕಾಗ್ಯಾವ."

"ಕೈ ಅಷ್ಟ ಒಯ್ತಿಯೋ, ನಾನೂ ಬರಬೇಕೋ?"

"ಕೈ ಅಷ್ಟ ಬಂದ್ರ ಚಲೋ ಇತ್ತು. ತಲಿ ಇಲ್ಲೇ ಬಿಟ್ಟು ಬಾ."

ಚೀಲದಿಂದ ಒಂದು ಪುಟ್ಟ ಡಬ್ಬಿ ತೆಗೆದಳು. ಹತ್ತಿಯ ಮೇಲೆ ಕಪ್ಪನೆಯ, ಹೊಳೆಯುವ ಒಂದು ಚೂರು. ಅಗಲ ಹೆಸರುಕಾಳಿನ ಅರ್ಧದಷ್ಟು, ದಪ್ಪವಂತೂ ಕೂದಲಿನಷ್ಟೇ. ಇಂಥ ಮೂರು ಹರಳುಗಳನ್ನು ಅವಳ ಗೈಡು ಕೊಟ್ಟಿದ್ದರಂತೆ. ತಂತಿ ಅಂಟಿಸುವಾಗ ಇವಳ ಕೈ ನಡುಗಿ ಎರಡು ಒಡೆದಿದ್ದವು. ಉಳಿದದ್ದು ಇದೊಂದೇ.

"ಬರೋ ಶನಿವಾರದೊಳಗ ಇದರ ಗ್ರಾಫ್ ಕಳಿಸಲಿಲ್ಲಂದ್ರ ಈ ಕೆಲಸ ಇನ್ನೊಬ್ಬರಿಗೆ ಕೊಡ್ತೀನಿ ಅಂದಾರ. ಐದು ವರ್ಷ ಆತು ಮಾಮಾ, ನಾ ಇದಕ್ಕ ಬಡಕೊಳ್ಳಾಕತ್ತು."

ನಾನು ಚೂರನ್ನು ಲೆನ್ಸಿನಡಿ ಹಿಡಿದು ನೋಡಿದೆ. ಅಂಚಿನಲ್ಲಿ ಪದರ ಪದರವಾಗಿತ್ತು, ನಾವು ಮೋಟಾರಿಗೆ ಹಾಕುವ ಅಭ್ರಕದ ಹಾಳೆಯ ಹಾಗೆ. ಇದು ಏನು ಎಂದು ಕೇಳಿದೆ.

"ಸೂಪರ್‌ಕಂಡಕ್ಟರ್. ಕ್ಯುಪ್ರೇಟ್ ಅಂತಾರ. ತಾಮ್ರ, ಆಕ್ಸಿಜನ್ ಕೂಡಿದ ಪದರ ಒಂದರ ಮ್ಯಾಲ ಒಂದು ಕುಂತಾವ, ನಡುವ ಬ್ಯಾರೆ ಪದರ ಅದಾವ. ತಾಮ್ರದ ಪದರದಾಗ ಉದ್ದಕ್ಕ ಕರೆಂಟು ಸಲೀಸ ಓಡ್ತದ. ಒಂದು ಪದರ ಬಿಟ್ಟು ಇನ್ನೊಂದಕ್ಕ ದಾಟಬೇಕಂದ್ರ ಸಾವಿರಾರು ಪಟ್ಟು ತ್ರಾಸು. ನಾ ಅಳಿಯೋದು ಆ ದಾಟೋ ತ್ರಾಸು."

"ಸೂಪರ್ ಅಂತಿ, ತ್ರಾಸು ಅಂತಿ."

"ತಣ್ಣಗಾದ ಮ್ಯಾಲ ಸೂಪರ್. ಇದಕ್ಕ ಹೈ ಟೆಂಪರೇಚರ್ ಸೂಪರ್‌ಕಂಡಕ್ಟರ್ ಅಂತಾರ."

"ಹೈ ಅಂದ್ರ ಎಷ್ಟು? ನಮ್ಮೂರ ಬಿಸಿಲಷ್ಟೋ?"

"ಸೊನ್ನೆಗಿಂತ ನೂರಾ ಎಂಬತ್ತು, ನೂರಾ ತೊಂಬತ್ತು ಡಿಗ್ರಿ ಕೆಳಗ."

ನನಗೆ ಅಲ್ಲಿಂದಲೇ ಸಂಶಯ ಶುರುವಾಯಿತು. ಹೆಸರಿನಲ್ಲೇ ಸುಳ್ಳು ಹೇಳುವ ವಸ್ತು ಒಳಗೆ ಇನ್ನೇನು ಮಾಡುತ್ತದೋ. ಮೊದಲಿನವುಗಳಿಗೆ ಇದಕ್ಕಿಂತ ಬಹಳ ಹೆಚ್ಚು ಚಳಿ ಬೇಕಿತ್ತು, ಅದಕ್ಕೆ ಈ ಹೆಸರು ಎಂದು ಅವಳು ಸಮಜಾಯಿಷಿ ಕೊಟ್ಟಳು. ಆಮೇಲೆ ಹೇಳಿದ್ದು ಇನ್ನೂ ಅನುಮಾನದ್ದು. ಹರಳನ್ನು ತಣ್ಣಗೆ ಮಾಡುತ್ತ ಹೋದರೆ ಪದರದ ಉದ್ದಕ್ಕೆ ಅಳೆದ ರೋಧ, ಅಂದರೆ ಕರೆಂಟಿಗೆ ಆಗುವ ಆ ತ್ರಾಸು, ಇಳಿಯುತ್ತದೆ. ಪದರಕ್ಕೆ ಅಡ್ಡಲಾಗಿ ಅಳೆದರೆ ಅದೇ ಹರಳಿನ ರೋಧ ಏರುತ್ತದೆ. ಏರಿ ಏರಿ ಒಂದು ಮಟ್ಟಕ್ಕೆ ಬಂದ ಮೇಲೆ ಎರಡೂ ಒಮ್ಮೆಲೇ ಸೊನ್ನೆ.

"ತಣ್ಣಗಾದಂಗ ರೋಧ ಏರೋ ತಂತಿ ನಾನೂ ಬೇಕಾದಷ್ಟು ನೋಡೀನಿ," ಎಂದೆ. "ನಾವು ಅದಕ್ಕ ಲೂಸ್ ಜಾಯಿಂಟ್ ಅಂತೀವಿ."

"ಮಾಮಾ, ನೀ ಅಂಟಿಸಿ ಕೊಡು ಸಾಕು. ಯಾಕ ಏರ್ತದ ಅಂತ ನಾ ನೋಡ್ಕೊಂತೀನಿ."

ಸೋಮವಾರ ಲಿಂಗಸುಗೂರಿಗೆ ಹೋದೆ. ಬಸ್ಸು ಮಸ್ಕಿಯಲ್ಲಿ ನಿಂತಾಗ ಅವಳೂ ಹತ್ತಿದಳು. ಕಾಲೇಜಿನ ಹಿಂದಿನ ಒಂದು ಸಣ್ಣ ಕೋಣೆಯೇ ಅವಳ ಪ್ರಯೋಗಶಾಲೆ: ಒಂದು ಮೇಜು, ಎರಡು ಮೀಟರು, ಸದ್ದು ಮಾಡುವ ಒಂದು ಫ್ಯಾನು. ಮೊದಲು ತಾಮ್ರದ ತುಂಡು ಹಾಕಿ ಮೀಟರು ಪರೀಕ್ಷೆ ಮಾಡುತ್ತೇನೆಂದಳು. ಅವಳು ಕಿಟಕಿ ಮುಚ್ಚಲು ತಿರುಗಿದಾಗ ನಾನು ಎರಡು ತಂತಿ ಆಚೀಚೆ ಮಾಡಿದೆ. ಸುಮ್ಮನಿರಲಾಗಲಿಲ್ಲ. ಮೀಟರು ಮೈನಸ್ ತೋರಿಸಿತು. ಹತ್ತು ನಿಮಿಷ ಅವಳು ಪುಸ್ತಕ ತಿರುವಿ, ಸ್ವಿಚ್ಚು ತಟ್ಟಿ, ಬೆವರಿ, ಕೊನೆಗೆ ನನ್ನ ಮುಖ ನೋಡಿದಳು.

"ನೀ ಮಾಡಿದ್ದಿ."

"ನಿನ್ನ ತಾಮ್ರ ಕರೆಂಟ್ ವಾಪಸ್ ಕೊಡಾಕತ್ತಿತ್ತು. ಪುಣ್ಯದ ತಾಮ್ರ."

ಅವಳು ನಗಲಿಲ್ಲ. ಇನ್ನು ಮೇಲೆ ಚೇಷ್ಟೆ ಮಾಡುವುದಿಲ್ಲ ಎಂದು ಅವಳ ಅವ್ವನ ಮೇಲೆ, ಅಂದರೆ ನನ್ನ ಅಕ್ಕನ ಮೇಲೆ ಆಣೆ ಹಾಕಿಸಿಕೊಂಡಳು. ನಾನೂ ಮನಸ್ಸಿನಿಂದಲೇ ಆಣೆ ಮಾಡಿದೆ. ಅಕ್ಕ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ಅವಳ ಮೇಲಿನ ಆಣೆಯಲ್ಲಿ ಆಟವಿಲ್ಲ.

ಅಂಟಿಸುವ ಕೆಲಸ ಹೀಗಿತ್ತು. ಹರಳಿನ ಮೇಲ್ಮುಖದ ಮೇಲೆ ಬೆಳ್ಳಿಯ ಲೇಪದಿಂದ ಒಂದು ಸಣ್ಣ ಬಳೆಯಂಥ ಗೆರೆ, ಅದರ ನಡುವೆ ಒಂದು ಚುಕ್ಕೆ. ಕೆಳಮುಖಕ್ಕೂ ಹಾಗೆಯೇ. ಬಳೆಗೆ ಕರೆಂಟಿನ ತಂತಿ, ಚುಕ್ಕೆಗೆ ಅಳೆಯುವ ತಂತಿ. ಎರಡು ತಂತಿಯಲ್ಲಿ ಆಗುವ ಕೆಲಸಕ್ಕೆ ನಾಲ್ಕು ಯಾಕೆ ಎಂದು ಕೇಳಿದ್ದಕ್ಕೆ, ಎರಡರಲ್ಲಿ ಅಳೆದರೆ ಅಂಟಿನ ರೋಧವೂ ಲೆಕ್ಕದಲ್ಲಿ ಸೇರುತ್ತದೆ ಎಂದಳು. ಒಪ್ಪಿದೆ. ನಾನು ಪೊರಕೆಕಡ್ಡಿಯೊಂದನ್ನು ಬ್ಲೇಡಿನಿಂದ ಸೀಳಿ ನನ್ನದೇ ಕುಂಚ ಮಾಡಿಕೊಂಡೆ. ಅವಳು ಪಕ್ಕದಲ್ಲಿ ನಿಂತು "ಮುಖದ ಮ್ಯಾಲ ಅಷ್ಟ, ಮಾಮಾ" ಎಂದು ಏನೇನೋ ಹೇಳುತ್ತಲೇ ಇದ್ದಳು. ನಾನು ಆ ಹೊತ್ತಿಗೆ ಸಾಲಗುಂದದವನೊಬ್ಬನ ಸುಟ್ಟ ಮೋಟಾರನ್ನು ಒಂದೇ ದಿನದಲ್ಲಿ ಸುತ್ತಿಕೊಟ್ಟ ಕಥೆ ಹೇಳುತ್ತಿದ್ದೆ. ಬಾಯಿ ಕಥೆಯಲ್ಲಿ, ಕೈ ಕೆಲಸದಲ್ಲಿ. ಅರ್ಧ ಗಂಟೆಯಲ್ಲಿ ನಾಲ್ಕೂ ತಂತಿ ಕೂತವು. ಒಂದೂ ಅಲುಗಲಿಲ್ಲ. ಅವಳು "ಯವ್ವಾ!" ಎಂದು ಉಸಿರುಬಿಟ್ಟಳು. ಲೇಪ ಒಣಗಲು ಮಧ್ಯಾಹ್ನದವರೆಗೆ ಬಿಟ್ಟೆವು.

ತಣ್ಣಗೆ ಮಾಡಲು ದ್ರವ ನೈಟ್ರೋಜನ್ ಬೇಕು. ಅದು ಬರುವುದು ಪಶು ಆಸ್ಪತ್ರೆಯಿಂದ. ಆಕಳು ಎಮ್ಮೆಗೆ ಕೊಡುವ ಹೋರಿ ಕೋಣಗಳ ವೀರ್ಯವನ್ನು ಅದರಲ್ಲಿಯೇ ಇಡುತ್ತಾರಲ್ಲ. ಅಲ್ಲಿನ ಅಟೆಂಡರ್ ಒಬ್ಬ, ನಡುವಯಸ್ಸಿನವನು, ಕ್ಯಾನನ್ನು ಬೈಕಿಗೆ ಕಟ್ಟಿಕೊಂಡು ಬಂದ. ನಾನು ಮುಚ್ಚಳ ತೆಗೆದು ಇಣುಕಿದೆ. ಬಿಳಿ ಹೊಗೆ.

"ಇದು ಅಸಲೋ, ನೀರು ಬೆರೆಸಿ ತಂದಿಯೋ?"

"ನೀರು ಬೆರೆಸಿದ್ರ ಅದು ಕಲ್ಲಾಗಿ ಕುಂದರ್ತದೋ ಯಜ್ಜಾ. ಬೇಕಂದ್ರ ಬೆರಳು ಅದ್ದಿ ನೋಡು."

"ನಿನ್ನ ಬೆರಳು ಅದ್ದು, ನಾ ನೋಡ್ತೀನಿ."

"ನಲವತ್ತು ಎಮ್ಮಿ ಗಬ್ಬಾಗ್ಯಾವ ಈ ಕ್ಯಾನಿನಾಗ. ಅವು ಸಂಶಯ ಪಡಲಿಲ್ಲ, ನೀ ಪಡ್ತಿ."

ಹರಳನ್ನು ಒಂದು ಉದ್ದನೆಯ ಕೋಲಿನ ತುದಿಗೆ ಕೂರಿಸಿ, ಕ್ಯಾನಿನ ಕಿರಿದಾದ ಕತ್ತಿನಲ್ಲಿ ನಿಧಾನವಾಗಿ ಇಳಿಸಿದಳು. ಉಷ್ಣತೆ ನಾನು ಓದಿ ಹೇಳಬೇಕು, ರೋಧ ಅವಳು ಬರೆದುಕೊಳ್ಳಬೇಕು. ಕೋಲು ಇಳಿದಂತೆ ರೋಧವೂ ಇಳಿಯಿತು. ಒಂದೇ ಸಮ, ನುಣ್ಣಗೆ, ಜಿಗಿತವಿಲ್ಲದೆ. ನನಗೆ ಖುಷಿಯೋ ಖುಷಿ. ಒಳ್ಳೆಯ ತಾಮ್ರ ಹೀಗೆಯೇ ಇಳಿಯುತ್ತದೆ, ಒಳ್ಳೆಯ ಜಾಯಿಂಟು ಹೀಗೆಯೇ ಇರುತ್ತದೆ. ಕೊನೆಗೆ ಸೊನ್ನೆಗೆ ಬಂದು ನಿಂತಿತು.

"ನೋಡಿದಿ? ಏರ್ತದ ಅಂತಿದ್ದಿ. ನನ್ನ ಕೈಯಾಗ ಲೂಸ್ ಜಾಯಿಂಟ್ ಇಲ್ಲವ್ವಾ, ಏರಲಿಕ್ಕೆ."

ಅವಳು ಪೆನ್ನು ಕೆಳಗಿಟ್ಟಳು.

"ಮಾಮಾ, ಖರೇ ಹೇಳು. ಏನ್ ಮಾಡಿದಿ?"

"ಏನೂ ಮಾಡಿಲ್ಲ."

"ಇದು ಏರಬೇಕು. ಇಳದದ."

"ಅಜ್ಜ ಆವಾಗಿಂದ ಒಬ್ಬನ ನಗಾಕತ್ತಿದ್ದರೀ ಮೇಡಂ," ಎಂದ ಕ್ಯಾನಿನವ, ಬಾಗಿಲಿಗೆ ಒರಗಿ ನಿಂತು. "ನಾ ನೋಡೀನಿ."

ನಗುತ್ತಿದ್ದದ್ದು ನಿಜ. ನನ್ನ ಕೆಲಸಕ್ಕೆ ನಾನೇ ನಗುತ್ತಿದ್ದೆ. ಆದರೆ ಅದನ್ನು ಯಾರು ನಂಬಬೇಕು? ಅವಳು ನಾಲ್ಕೂ ತಂತಿಗಳನ್ನು ತುದಿಯಿಂದ ತುದಿಗೆ ಬೆರಳಿಟ್ಟು ಹುಡುಕಿದಳು. ಮೇಜಿನಡಿ ಬಗ್ಗಿ ನೋಡಿದಳು. ನನ್ನ ಅಂಗಿಯ ಕಿಸೆಯನ್ನೂ ಒಮ್ಮೆ ನೋಡಿದಳು. ಕೇಳಲಿಲ್ಲ, ಬರೇ ನೋಡಿದಳು. ಅಕ್ಕನ ಆಣೆ ಹಾಕಿದ ಮೇಲೂ ಹೀಗೆ ನೋಡಿದಳಲ್ಲ.

ಗೈಡಿಗೆ ಫೋನ್ ಮಾಡಿ ಅಂಕಿಗಳನ್ನು ಓದಿದಳು. ಸ್ಪೀಕರಿನಲ್ಲಿ ಅವರ ದನಿ ಸಣ್ಣದಾಗಿ, ಚೂಪಾಗಿ ಬಂತು.

"ಇದು ಪದರದ ಉದ್ದಕ್ಕೆ ಅಳೆದ ಗ್ರಾಫು. ಅಡ್ಡಲಾಗಿ ಅಳೆದದ್ದಲ್ಲ. ಎಲ್ಲೋ ಶಾರ್ಟ್ ಆಗಿದೆ. ತಂತಿ ಅಂಟಿಸಿ ಕಾಂಟ್ಯಾಕ್ಟ್ ಮಾಡಿದವರು ಯಾರು?"

ಅವಳು ಒಂದು ಕ್ಷಣ ನನ್ನನ್ನು ನೋಡಿದಳು. "ನಾನೇ ಮಾಡಿದೆ ಸರ್."

"ಶನಿವಾರದವರೆಗೆ ಸಮಯ ಇದೆ," ಎಂದು ಅವರು ಫೋನ್ ಇಟ್ಟುಬಿಟ್ಟರು.

"ಯಾಕ ಸುಳ್ಳು ಹೇಳಿದಿ?" ಎಂದೆ.

"ಖರೇ ಹೇಳಿದ್ರ ಮೋಟಾರ್ ಸುತ್ತಾಂವನ ಕೈಯಾಗ ಹರಳು ಕೊಟ್ಟಿದ್ದಿ ಅಂತ ಇವತ್ತ ಕೆಲಸ ಕಸಗೊಂತಿದ್ರು. ಮಾಮಾ, ನೀ ಇನ್ನ ಊರಿಗೆ ಹೋಗು."

ಬಸ್ಸಿನಲ್ಲಿ ಕೂತು ನಾನು ಒಬ್ಬೊಬ್ಬರನ್ನೇ ಹಿಡಿದು ವಿಚಾರಣೆ ಮಾಡಿದೆ. ಕ್ಯಾನಿನವ? ಬಾಗಿಲಲ್ಲೇ ನಿಂತಿದ್ದ, ಹರಳು ಮುಟ್ಟಿಲ್ಲ. ಮೀಟರು? ತಾಮ್ರವನ್ನು ಸರಿಯಾಗಿಯೇ ಅಳೆದಿತ್ತು. ಗೈಡು? ಕೆಲಸ ಬೇರೆಯವರಿಗೆ ಕೊಡುವ ಮನಸ್ಸಿದ್ದರೆ ಕೆಟ್ಟ ಹರಳು ಕೊಟ್ಟು ನೆಪ ಹುಡುಕಬಹುದಲ್ಲ? ಮಸ್ಕಿ ಬರುವಷ್ಟರಲ್ಲಿ ಅವರೇ ಕಳ್ಳ ಎಂದು ತೀರ್ಮಾನಿಸಿದ್ದೆ. ಸಿಂಧನೂರು ಬರುವಷ್ಟರಲ್ಲಿ ಅವರನ್ನು ಬಿಟ್ಟು ಹರಳನ್ನೇ ಹಿಡಿದಿದ್ದೆ. ಒಂದು ಕಡೆ ಒಂದು ಮಾತು, ಇನ್ನೊಂದು ಕಡೆ ಇನ್ನೊಂದು ಮಾತು ಆಡುವ ವಸ್ತು. ಮನೆಗೆ ಹೋದರೆ ಹೆಂಡತಿ ನನ್ನ ಮುಖ ನೋಡಿಯೇ ಕೇಳಿದಳು.

"ಏನ್ ಮಾಡಿ ಬಂದ್ರಿ?"

"ಏನೂ ಮಾಡಿಲ್ಲ ಅಂದ್ರ ನೀನೂ ನಂಬಂಗಿಲ್ಲೇನು?"

"ಏನೂ ಮಾಡದ ಬಂದಾಗ ನೀವು ಇಷ್ಟೊತ್ತಿಗೆ ಉಣ್ಣಾಕ ಕುಂತಿರ್ತೀರಿ."

ಬುಧವಾರ ವಳಕಮದಿನ್ನಿಯ ಒಂದು ಮೋಟಾರು ಮುಗಿಸುವುದಿತ್ತು. ತಂತಿಯ ಕಾಯಿಲು ಕೂರಿಸಿ ವಾರ್ನಿಷ್ ಹಚ್ಚುತ್ತಿದ್ದೆ. ಹೆಂಡತಿ ಚಹಾ ತಂದು ಮುಂದೆ ಹಿಡಿದಳು. ನಾನು ಲೋಟ ತೆಗೆದುಕೊಳ್ಳಲು ಎಡಗೈ ಚಾಚಿದೆ, ಬಲಗೈ ತನ್ನಷ್ಟಕ್ಕೆ ಕುಂಚ ಎಳೆಯುತ್ತಿತ್ತು. ಆಗ ಕಂಡಿತು. ಪ್ರತಿ ಸಲ ಗೆರೆ ಮುಗಿಯುವಲ್ಲಿ ನನ್ನ ಮಣಿಕಟ್ಟು ಒಂದು ಸಣ್ಣ ತಿರುವು ಕೊಟ್ಟು, ವಾರ್ನಿಷ್ಷನ್ನು ಅಂಚಿನಿಂದ ಕೆಳಗೆ ಇಳಿಸಿ ಒರೆಸಿಬಿಡುತ್ತದೆ. ಅಂಚು ತೆರೆದಿದ್ದರೆ ಅಲ್ಲಿಂದ ನೀರು ಹೊಕ್ಕು ಕಾಯಿಲು ಸುಡುತ್ತದೆ. ಗದ್ದೆಯ ಮೋಟಾರು, ಕಾಲುವೆಯ ತೇವ. ಅಂಚು ಮುಚ್ಚುವುದನ್ನೇ ನನ್ನ ಉಸ್ತಾದ ಮೊದಲು ಕಲಿಸಿದ್ದ. ಕಲಿತದ್ದು ಕೈ. ನಾನಲ್ಲ. ಅದಕ್ಕೆ ನನ್ನ ಅಪ್ಪಣೆ ಬೇಡ.

ಹರಳಿನ ಮೇಲೂ ಅದನ್ನೇ ಮಾಡಿದ್ದೆ. ವಾರ್ನಿಷ್ ಕರೆಂಟನ್ನು ತಡೆಯುತ್ತದೆ, ಬೆಳ್ಳಿ ಒಯ್ಯುತ್ತದೆ. ಮೇಲಿನ ಬಳೆಯಿಂದಲೂ ಕೆಳಗಿನ ಬಳೆಯಿಂದಲೂ ಅಂಚಿನ ಮೇಲೆ ಇಳಿದ ಬೆಳ್ಳಿ ಪದರ ಪದರಕ್ಕೂ ಬಾಗಿಲು ತೆರೆದಿತ್ತು. ಒಂದೊಂದೇ ಪದರ ದಾಟುವ ತ್ರಾಸು ಯಾಕೆ ಪಡಬೇಕು? ಕರೆಂಟು ಅಂಚಿನಿಂದ ಇಳಿದು, ಪದರದೊಳಗೆ ಉದ್ದಕ್ಕೆ ಸಲೀಸಾಗಿ ಓಡಿತ್ತು.

"ಚಹಾ ಆರಾಕತ್ತೈತ್ರಿ," ಎಂದಳು ಹೆಂಡತಿ. ನನಗೆ ಚಹಾ ಬೇಡವಾಗಿತ್ತು.

ಈಗ ಒಂದು ಮಾತು ಹೇಳಿಬಿಡುತ್ತೇನೆ. ಕಂಡ ತಕ್ಷಣ ಅವಳಿಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಅರ್ಧ ದಿನ ಕೂತು ಯೋಚಿಸಿದ್ದು ಯಾವ ಸುಳ್ಳು ಹೇಳಲಿ ಎಂದು. ಕೈ ತಪ್ಪಿತು ಎನ್ನುವುದಕ್ಕಿಂತ ಬೇಕಂತಲೇ ಮಾಡಿದೆ ಎನ್ನುವುದು ನನಗೆ ಸುಲಭವಿತ್ತು. ಚೇಷ್ಟೆ ಎಂದರೆ ಬೈಯುತ್ತಾರೆ. ಕೈ ತಪ್ಪಿತು ಎಂದರೆ ಪಾಪ, ವಯಸ್ಸಾಯಿತು ಎನ್ನುತ್ತಾರೆ.

ಸಂಜೆ ಮಸ್ಕಿಗೆ ಹೋದೆ. ಅವಳು ಬಾಗಿಲಲ್ಲೇ ಕೂತು, ಉಳಿದ ಬೆಳಕಿನಲ್ಲಿ ಡಬ್ಬಿಯ ಹರಳನ್ನು ಲೆನ್ಸು ಹಿಡಿದು ನೋಡುತ್ತಿದ್ದಳು. ಒಳಗೆ ಬಾ ಅನ್ನಲಿಲ್ಲ.

"ನಾನ ಮಾಡಿದ್ದು," ಎಂದೆ. "ಬೇಕಂತ. ಅಂಚಿಗೆ ಬೆಳ್ಳಿ ಹಚ್ಚಿದೆ. ನೀ ಹೆಂಗ ಹುಡುಕ್ತಿ ನೋಡೋಣಂತ."

ಅವಳು ಹರಳನ್ನು ಚಿಮ್ಮಟದಲ್ಲಿ ಹಿಡಿದು ಅಂಚನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಅವ್ವನ ಆಣಿ ಹಾಕಿ, ಬೇಕಂತ ಮಾಡಿದಿ?"

ನಾನು ರಸ್ತೆಯ ಕಡೆ ಮುಖ ತಿರುಗಿಸಿದೆ.

"ಸುಳ್ಳು ಹೇಳ್ತಿ. ಬೇಕಂತ ಮಾಡಾಂವ ಒಂದ ಕಡೆ ಮಾಡ್ತಾನ, ಕಾಣದಂಗ ಮಾಡ್ತಾನ. ಇಲ್ಲಿ ನೋಡು. ಮ್ಯಾಲಿಂದೂ ಬಲಕ್ಕ ಇಳದದ, ಕೆಳಗಿಂದೂ ಬಲಕ್ಕ ಇಳದದ. ಒಂದ ನಮೂನಿ. ಇದು ಚೇಷ್ಟೆ ಅಲ್ಲ, ರೂಢಿ."

"ಮತ್ತ ಗೊತ್ತಾದ ಮ್ಯಾಲ ಯಾಕ ಕೇಳ್ತಿ?"

"ನೀ ಹೇಳ್ತೀಯೇನೋ ಅಂತ."

ಆಮೇಲೆ ಒಳಗೆ ಕರೆದು ರೊಟ್ಟಿ ಕೊಟ್ಟಳು. ಊಟ ಮಾಡುವಾಗ ಅಂಚು ಕತ್ತರಿಸಿದರೆ ಹೇಗೆ ಎಂದು ನಾನೇ ಕೇಳಿದೆ. ಬೆಳ್ಳಿಯ ಕಣ ಎಲ್ಲಿ ಉಳಿದೀತೋ ಎಂದು ನಾಲ್ಕೂ ಬದಿಗಳನ್ನು ಬ್ಲೇಡಿನಿಂದ ಕೂದಲಷ್ಟು ಕತ್ತರಿಸಿ ತೆಗೆದರೆ ಹೊಸ ಅಂಚು ಬರುತ್ತದೆ, ನಡುವಿನ ತಂತಿಗಳಿಗೆ ಏನೂ ಆಗಬೇಕಿಲ್ಲ. ಹರಳು ಸೀಳದಿದ್ದರೆ.

ಶುಕ್ರವಾರ ಬೆಳಿಗ್ಗೆ ಲಿಂಗಸುಗೂರಿನ ಅದೇ ಕೋಣೆ. ನಾನು ಬ್ಲೇಡಿಗೆ ಕೈ ಚಾಚಿದೆ. ಅವಳು ಅದನ್ನು ತನ್ನ ಕಡೆ ಎಳೆದುಕೊಂಡಳು.

"ನೀ ಲೆನ್ಸ್ ಹಿಡಿ."

"ನಿನ್ನ ಕೈ ನಡಗ್ತದ."

"ನಡಗಲಿ. ಎಲ್ಲಿ ಹೋಗಾಕತ್ತದ ಅಂತಾದ್ರೂ ನನಗ ಗೊತ್ತಿರ್ತದ."

ಲೆನ್ಸು ಹಿಡಿದೆ. ಒಂದು ಬದಿ ಕತ್ತರಿಸಿದಳು, ಎರಡನೆಯದು ಕತ್ತರಿಸಿದಳು. ಮೂರನೆಯದಕ್ಕೆ ಒಂದು ಮೂಲೆ ಸಿಪ್ಪೆಯಂತೆ ಎದ್ದಿತು. ಸಿಪ್ಪೆ ಮೂಲೆಯಲ್ಲೇ ಮುರಿದು ಬಿತ್ತು, ಬಳೆಯವರೆಗೆ ಬರಲಿಲ್ಲ. ನಾಲ್ಕನೆಯದು ಮುಗಿಸಿ ಅವಳು ಬ್ಲೇಡು ಕೆಳಗಿಟ್ಟಳು.

ಕ್ಯಾನು ಬಂತು. ಕೋಲು ಇಳಿಯಿತು. ಈ ಸಲ ರೋಧ ಏರಿತು. ಚಳಿ ಹೆಚ್ಚಿದಂತೆಲ್ಲ ಏರಿತು. ಲೂಸ್ ಜಾಯಿಂಟು, ಲೂಸ್ ಜಾಯಿಂಟು ಎಂದು ನನ್ನ ಒಳಗಿನ ಮೆಕ್ಯಾನಿಕ್ಕು ಕೂಗುತ್ತಲೇ ಇದ್ದ. ತಂತಿ ಹಿಡಿದು ಅಲ್ಲಾಡಿಸಿ ನೋಡಬೇಕೆಂದು ಬೆರಳು ತುರಿಸುತ್ತಿತ್ತು. ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಏರಿ ಏರಿ, ಕೋಲಿನ ತುದಿ ಇನ್ನೇನು ದ್ರವ ಮುಟ್ಟಬೇಕು ಎನ್ನುವಾಗ ರೋಧ ಒಮ್ಮೆಲೇ ಕುಸಿದು ಸೊನ್ನೆಯಾಯಿತು. ಅವಳು ಮೀಟರನ್ನು ನೋಡುತ್ತಲೇ ಇದ್ದಳು. ನಂಬಿಕೆಯಿಲ್ಲದೆ ಕೋಲನ್ನು ಮೇಲೆತ್ತಿ ಮತ್ತೆ ಇಳಿಸಿದಳು. ಮತ್ತೆ ಹಾಗೆಯೇ ಆಯಿತು.

ಗ್ರಾಫು ಕಳಿಸಿದಳು. ಗೈಡು ಫೋನ್ ಮಾಡಲಿಲ್ಲ. ಶನಿವಾರ ತಾವೇ ಬಂದುಬಿಟ್ಟರು. ಒಂದೇ ಹರಳು ಒಂದೇ ವಾರದಲ್ಲಿ ಎರಡು ಗ್ರಾಫು ಕೊಟ್ಟರೆ ಯಾರಿಗಾದರೂ ಅನುಮಾನವೇ. ತೆಳ್ಳಗಿನ ಮನುಷ್ಯ, ಕನ್ನಡಕದ ಮೇಲಿನಿಂದ ನೋಡುವ ಅಭ್ಯಾಸ. ಮೊದಲು ಹರಳನ್ನು ಲೆನ್ಸಿನಲ್ಲಿ ನೋಡಿ, ಗ್ರಾಫಿನ ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟರು.

"ಸೋಮವಾರ ಇಳಿಯಿತು, ನಿನ್ನೆ ಏರಿತು. ನಾನು ಏರಬೇಕು ಎಂದ ಮೇಲೆ ಏರಿತು. ಇದನ್ನು ಹೇಗೆ ನಂಬಲಿ? ಮೊದಲ ಕಾಂಟ್ಯಾಕ್ಟು ಕೆಡಲು ಕಾರಣ ಏನು?"

"ನನ್ನ ಕೈ ತಪ್ಪಿತ್ತು ಸರ್," ಎಂದಳು ಅಕ್ಕನ ಮಗಳು.

"ನಿಮ್ಮ ಕೈಯಿಂದ ಇಷ್ಟು ನುಣ್ಣಗಿನ ಬಳೆ ಬರುವುದಿಲ್ಲ. ಒಡೆದ ಎರಡನ್ನು ನಾನು ನೋಡಿದ್ದೇನೆ."

ಅವಳು ತಲೆ ತಗ್ಗಿಸಿದಳು. ಆ ಮನುಷ್ಯ ಹಾಳೆಗಳನ್ನು ಮಡಚಲು ಶುರುಮಾಡಿದರು. ಮಡಚಿ ಚೀಲಕ್ಕೆ ಹಾಕಿದರೆ ಐದು ವರ್ಷವೂ ಆ ಚೀಲಕ್ಕೆ ಹೋದಂತೆ. ನಾನು ಮೂಲೆಯ ಸ್ಟೂಲಿನಿಂದ ಎದ್ದೆ.

"ಆಕಿ ಸುಳ್ಳು ಹೇಳಾಕತ್ತಾಳ್ರಿ. ಹಚ್ಚಿದಾಂವ ನಾನು. ಸಿಂಧನೂರಾಗ ಮೋಟಾರ್ ಸುತ್ತತೀನಿ."

ಅವರು ಕನ್ನಡಕದ ಮೇಲಿನಿಂದ ನೋಡಿದರು. "ಬೇಕಂತ ಮಾಡಿದ್ರೋ?"

ಹೌದು ಎನ್ನಲು ಬಾಯಿ ತೆರೆದೇ ಇತ್ತು.

"ಇಲ್ಲರೀ. ಕೈ ತಪ್ಪಿತು. ನಲವತ್ತು ವರ್ಷ ಅಂಚು ಮುಚ್ಚೀನಿ, ಇಲ್ಲಿನೂ ಮುಚ್ಚಿಬಿಟ್ಟೀನಿ. ಈಕಿ ಬ್ಯಾಡ ಅಂತ ಹೇಳಿದ್ಲು. ನಾ ಕಿವಿಗೆ ಹಾಕ್ಕೊಳ್ಳಲಿಲ್ಲ. ಅಂಚು ಕತ್ತರಿಸಿ ಸರಿ ಮಾಡಿದಾಕಿ ಈಕಿನ."

ಆ ಮನುಷ್ಯ ನನ್ನನ್ನೂ ನಂಬಲಿಲ್ಲ. ಒಂದು ಕಾಗದದ ಚೂರು, ಒಂದು ಕುಂಚ ಕೊಟ್ಟು ಬಳೆ ಬರೆಯಿರಿ ಎಂದರು. ಈ ಸಲ ಅಂಚಿಗೆ ಹೋಗಬಾರದೆಂದು ಹಲ್ಲು ಕಚ್ಚಿ ಬರೆದೆ. ಬಳೆ ಚೆನ್ನಾಗಿಯೇ ಬಂತು. ಕೊನೆಯಲ್ಲಿ ಮಣಿಕಟ್ಟು ತಿರುಗಿ ಶಾಯಿ ಕಾಗದದ ಬಲ ಅಂಚಿನಿಂದ ಕೆಳಗಿಳಿದು ಮೇಜಿಗೆ ಹತ್ತಿತು. ಅವರು ಕಾಗದ ಎತ್ತಿ, ಅಂಚನ್ನು ಬೆಳಕಿಗೆ ಹಿಡಿದರು. ಕತ್ತರಿಸಿ ಬಿದ್ದಿದ್ದ ಹರಳಿನ ಚೂರುಗಳನ್ನು ಕೇಳಿ ಪಡೆದು ಲೆನ್ಸಿನಲ್ಲಿ ನೋಡಿದರು. ಆಮೇಲೆ ಕ್ಯಾನು ತರಿಸಿ, ತಾವೇ ಕೋಲು ಹಿಡಿದು ಇಳಿಸಿದರು. ಅವಳು ಅಂಕಿ ಬರೆದಳು. ಏರಿತು.

"ಸುಳ್ಳು ಹೇಳಿದ್ದು ತಪ್ಪು," ಎಂದರು ಅವಳಿಗೆ. "ಮೊದಲ ಗ್ರಾಫನ್ನೂ ಪುಸ್ತಕದಲ್ಲಿ ಅಂಟಿಸಿ, ಯಾಕೆ ಕೆಟ್ಟಿತು ಅಂತ ಬರೆಯಿರಿ. ಕೆಲಸ ನಿಮ್ಮದೇ, ಮುಂದುವರಿಸಿ." ಚೀಲದಿಂದ ಇನ್ನೊಂದು ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ನಾಲ್ಕು ಹೊಸ ಹರಳು.

ನಾನು ನೋಡೋಣವೆಂದು ಬಗ್ಗಿದೆ, ಅಷ್ಟೇ. ಅವಳು ಡಬ್ಬಿ ಮುಚ್ಚಿ, ನನ್ನ ಎರಡೂ ಕೈ ಎಲ್ಲಿವೆ ಎಂದು ನೋಡಿಕೊಂಡು, ತನ್ನ ಚೀಲದೊಳಗೆ ಹಾಕಿ ಜಿಪ್ ಎಳೆದಳು.